ಏಳು ವರ್ಷದ ಮಗನ ಕಸ್ಟಡಿ: ಕೋರ್ಟ್ ಒಬ್ಬರಿಗೇ ಕೊಡುತ್ತದಾ, ಇಬ್ಬರಿಗೂ ಸೇರಿಸಿ ಕೊಡುತ್ತದಾ?

ಕುವೆಂಪುನಗರದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನನಗೆ ಏಳು ವರ್ಷದ ಮಗ ಇದ್ದಾನೆ, ಎರಡನೇ ಕ್ಲಾಸು. ಮೊದಲು ನಾವು ಬೆಂಗಳೂರಿನಲ್ಲಿದ್ದೆವು. ಹೋದ ವರ್ಷ ನಾನು ಮಗನನ್ನು ಕರೆದುಕೊಂಡು ಮೈಸೂರಿಗೆ, ನನ್ನ ಅಪ್ಪ ಅಮ್ಮನ ಮನೆಗೆ ಬಂದೆ. ಅವನನ್ನು ಇಲ್ಲೇ ಸ್ಕೂಲಿಗೆ ಸೇರಿಸಿದ್ದೇನೆ. ಹೊಡೆಯುವುದು, ಕುಡಿಯುವುದು ಅಂಥದ್ದೇನೂ ನನ್ನ ಗಂಡನ ಕಡೆಯಿಂದ ನಡೆದಿಲ್ಲ. ಸುಮ್ನೆ ಹೇಳಬಾರದು, ಅವರು ಮಗನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ನಮ್ಮಿಬ್ಬರ ಮಧ್ಯೆ ಮಾತೇ ನಿಂತುಹೋಗಿತ್ತು. ಆ ಮನೆಯ ಮೌನದಲ್ಲಿ ಮಗು ಬೆಳೆಯುವುದು ನನಗೆ ಬೇಡ ಅನಿಸಿತು.

ಈಗ ಅವರು ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಾರೆ. ಸಮನ್ಸ್ ಬಂದಿದೆ. ಜಾಯಿಂಟ್ ಕಸ್ಟಡಿ ಬೇಕಂತೆ. ಒಂದು ವಾರ ಅವರ ಹತ್ತಿರ, ಒಂದು ವಾರ ನನ್ನ ಹತ್ತಿರ. ನನಗೆ ಮಗ ಪೂರ್ತಿ ನನ್ನ ಜೊತೆಯಲ್ಲೇ ಇರಬೇಕು, ಅವರು ಬಂದು ನೋಡಿಕೊಂಡು ಹೋಗಲಿ ಅಂತ ಆಸೆ. ನಮ್ಮ ಕಡೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಾಯಿಗೇ ಕೊಡುತ್ತಾರೆ, ಹೆದರಬೇಡ ಅಂತ ಅತ್ತಿಗೆ. ಅವರಿಗೆ ಸಂಬಳ ಜಾಸ್ತಿ, ಸ್ವಂತ ಫ್ಲ್ಯಾಟ್ ಇದೆ, ನಿನ್ನದು ಪಾರ್ಟ್‌ಟೈಮ್ ಕೆಲಸ, ಕೋರ್ಟ್ ಅದನ್ನೇ ನೋಡುತ್ತದೆ ಅಂತ ನಮ್ಮ ಚಿಕ್ಕಪ್ಪ. ಮಗನನ್ನೇ ಕರೆದು ಯಾರು ಬೇಕು ಅಂತ ಕೇಳುತ್ತಾರಂತೆ ಅಂತ ಇನ್ನೊಬ್ಬರು. ಇದನ್ನು ಕೇಳಿದಾಗಿನಿಂದ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅವನು ನಾಲ್ಕು ವರ್ಷದವರೆಗೂ ಬೆಳೆದದ್ದು ನನ್ನ ಗಂಡನ ಅಮ್ಮನ ಮಡಿಲಲ್ಲಿ, ಆ ಅಜ್ಜಿ ಅಂದರೆ ಅವನಿಗೆ ಪ್ರಾಣ.

ನಿಜವಾಗಿ ಜಡ್ಜ್ ಏನು ನೋಡಿ ತೀರ್ಮಾನ ಮಾಡುತ್ತಾರೆ? ಗೊತ್ತಿರುವವರು ಹೇಳಿ.

ಕರಿಕೋಟು:

ಮೇಡಂ, ನಾನು ವಕೀಲ, ಜಾಸ್ತಿ ಓಡಾಡುವುದು ಫ್ಯಾಮಿಲಿ ಕೋರ್ಟಿನಲ್ಲೇ. ನಿಮ್ಮ ಕೇಸಿನ ಕಾಗದ ನೋಡದೆ ಹೀಗೇ ಆಗುತ್ತದೆ ಅಂತ ಹೇಳುವುದಿಲ್ಲ. ಆದರೆ ಜಡ್ಜ್ ಯಾವ ದಾರಿಯಲ್ಲಿ ಯೋಚಿಸುತ್ತಾರೆ ಅನ್ನುವುದನ್ನು ಹೇಳಬಲ್ಲೆ.

ಜಾಯಿಂಟ್ ಕಸ್ಟಡಿ ಅಂತ ನಮ್ಮ ಕಾನೂನಿನಲ್ಲಿ ಒಂದು ಸೆಕ್ಷನ್ ಇಲ್ಲ. ಕೇಸು ನಡೆಯುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಮೇಲೆ, ಹಿಂದೂಗಳಾದರೆ ಜೊತೆಗೆ 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟ್ ಮೇಲೆ. ಡೈವೋರ್ಸ್ ಕೇಸು ನಡೆಯುತ್ತಿದ್ದರೆ ಹಿಂದೂ ಮ್ಯಾರೇಜ್ ಆಕ್ಟಿನ ಸೆಕ್ಷನ್ 26ರಲ್ಲಿ ಅದೇ ಕೋರ್ಟ್ ಮಗುವಿನ ಬಗ್ಗೆಯೂ ಆರ್ಡರ್ ಮಾಡಬಹುದು. ಎಲ್ಲದರಲ್ಲೂ ಕೊನೆಗೆ ನಿಲ್ಲುವುದು ಒಂದೇ ಮಾತು, ಮಗುವಿನ ಹಿತ. 1956ರ ಕಾಯ್ದೆಯ ಸೆಕ್ಷನ್ 13 ಹೇಳುವುದೂ ಅದನ್ನೇ. ಅಪ್ಪನ ಹಕ್ಕು ದೊಡ್ಡದಾ, ಅಮ್ಮನ ಹಕ್ಕು ದೊಡ್ಡದಾ ಅನ್ನುವ ಪ್ರಶ್ನೆ ಅದರ ಮುಂದೆ ಸಣ್ಣದಾಗುತ್ತದೆ. ಮಕ್ಕಳು ತಂದೆ ತಾಯಿಯ ಆಸ್ತಿಯೂ ಅಲ್ಲ, ಆಟದ ಸಾಮಾನೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಕೇಸಿನಲ್ಲಿ ಹೇಳಿದೆ. ಇವತ್ತಿಗೂ ಕೋರ್ಟಿನಲ್ಲಿ ಆ ಮಾತನ್ನು ಎತ್ತಿ ಹೇಳುತ್ತೇವೆ.

ನಿಮ್ಮ ಅತ್ತಿಗೆ ಹೇಳಿದ್ದು ಅರ್ಧ ಸರಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ 1956ರ ಕಾಯ್ದೆಯ ಸೆಕ್ಷನ್ 6ರಲ್ಲಿದೆ. ನಿಮ್ಮ ಮಗನಿಗೆ ಏಳು. ಹಾಗಾಗಿ ಆ ಸಾಲನ್ನೇ ನಂಬಿ ಕೂರಬೇಡಿ. ಅದೇ ಸೆಕ್ಷನ್ನಿನಲ್ಲಿ ಸಹಜ ಪೋಷಕ, ಅಂದರೆ ಮಗುವಿನ ಪರವಾಗಿ ಕಾನೂನಿನಲ್ಲಿ ತೀರ್ಮಾನ ತಗೊಳ್ಳುವವರು, ಮೊದಲು ಅಪ್ಪ, ಆಮೇಲೆ ಅಮ್ಮ ಅಂತಲೂ ಇದೆ. ಆದರೆ ಗಾಬರಿ ಬೇಡ. 1999ರ ಗೀತಾ ಹರಿಹರನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅಪ್ಪ ಬದುಕಿರುವಾಗಲೂ, ಅವರು ಜವಾಬ್ದಾರಿ ಹೊರದೆ ಇದ್ದರೆ ಅಮ್ಮನೂ ಸಹಜ ಪೋಷಕಿ ಆಗಬಹುದು. ಅದೂ ಅಲ್ಲದೆ ಪೋಷಕತ್ವ ಬೇರೆ, ಮಗು ಯಾರ ಹತ್ತಿರ ಇರುತ್ತದೆ ಅನ್ನುವುದು ಬೇರೆ.

ಚಿಕ್ಕಪ್ಪ ಹೇಳಿದ್ದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಂಬಳ ಕಡಿಮೆ ಅಂತ ತಾಯಿಯಿಂದ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ದುಡ್ಡಿನ ಕೊರತೆ ತುಂಬಿಸುವುದಕ್ಕೇ ಜೀವನಾಂಶ ಇರುವುದು. ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಅದರ ಮೇಲೆ ಮಗನ ಖರ್ಚಿಗೆ ಎಷ್ಟು ಅಂತ ನಿರ್ಧಾರ ಆಗುತ್ತದೆ.

ಹಾಗಾದರೆ ಜಡ್ಜ್ ನೋಡುವುದೇನು? ನಾನು ಕಂಡ ಹಾಗೆ, ಮಗುವಿನ ದಿನ ಹೇಗೆ ಸಾಗುತ್ತದೆ ಅನ್ನುವುದನ್ನು. ಬೆಳಿಗ್ಗೆ ಯಾರು ಎಬ್ಬಿಸಿ ಸ್ಕೂಲಿಗೆ ಬಿಡುತ್ತಾರೆ, ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಪೇರೆಂಟ್ಸ್ ಮೀಟಿಂಗಿಗೆ ಯಾರು ಹೋಗಿದ್ದಾರೆ, ಲಸಿಕೆ ಕಾರ್ಡು ಯಾರ ಹತ್ತಿರ ಇದೆ. 1890ರ ಕಾಯ್ದೆಯ ಸೆಕ್ಷನ್ 17ರಲ್ಲಿ ಮಗುವಿನ ವಯಸ್ಸು, ಪೋಷಕರ ನಡತೆ, ಅವರ ಸಾಮರ್ಥ್ಯ ಅಂತೆಲ್ಲ ಬರೆದಿದೆ. ಆ ಸಾಮರ್ಥ್ಯ ಕೋರ್ಟಿಗೆ ಕಾಣುವುದು ಇಂಥ ಸಣ್ಣ ಸಣ್ಣ ಸಂಗತಿಗಳಲ್ಲಿ. ಇನ್ನೊಂದು ವಿಷಯವನ್ನೂ ಬಹಳ ನೋಡುತ್ತಾರೆ, ಜನ ಅದನ್ನು ಮರೆಯುತ್ತಾರೆ. ಇಬ್ಬರಲ್ಲಿ ಯಾರು ಮಗುವಿಗೆ ಇನ್ನೊಬ್ಬರ ಪ್ರೀತಿ ಸಿಗುವ ಹಾಗೆ ನೋಡಿಕೊಳ್ಳುತ್ತಾರೆ? ಕಳೆದ ಒಂದು ವರ್ಷದಲ್ಲಿ ನೀವು ಮಗನನ್ನು ಅಪ್ಪನ ಜೊತೆ ಫೋನಿನಲ್ಲಿ ಮಾತಾಡಲು ಬಿಟ್ಟಿದ್ದೀರಾ? ಅಜ್ಜಿಯನ್ನು ನೋಡಲು ಕಳಿಸಿದ್ದೀರಾ? ಇದಕ್ಕೆ ನಿಮ್ಮ ಉತ್ತರ ಏನು ಅನ್ನುವುದು ನಿಮ್ಮ ಸಂಬಳಕ್ಕಿಂತ ನೂರು ಪಾಲು ಮುಖ್ಯ.

ಮಗನನ್ನು ಕೇಳುವ ವಿಷಯ. ಮಗುವಿಗೆ ಬುದ್ಧಿಪೂರ್ವಕವಾಗಿ ಹೇಳುವಷ್ಟು ವಯಸ್ಸಾಗಿದ್ದರೆ ಅದರ ಇಷ್ಟವನ್ನು ಕೋರ್ಟ್ ಗಮನಿಸಬಹುದು ಅಂತಿದೆ, ಇಷ್ಟೇ ವಯಸ್ಸು ಅಂತ ಬರೆದಿಲ್ಲ. ಕೇಳಿದರೂ ಕಟಕಟೆಯಲ್ಲಿ ನಿಲ್ಲಿಸಿ ಕೇಳುವುದಿಲ್ಲ. ಚೇಂಬರಿನಲ್ಲಿ, ನೀವಿಬ್ಬರೂ ವಕೀಲರೂ ಹೊರಗಿರುವಾಗ, ಸ್ಕೂಲು, ಗೆಳೆಯರು, ಆಟ ಅಂತ ಮಾತಾಡಿಸುತ್ತಾರೆ. ಮಗು ಹೇಳಿದ್ದೇ ಕೊನೆಯಲ್ಲ. 2017ರ ಒಂದು ಕೇಸಿನಲ್ಲಿ ಎಳೆವಯಸ್ಸಿನಿಂದ ಅಪ್ಪನ ಹತ್ತಿರವೇ ಬೆಳೆದ ಹುಡುಗಿಯನ್ನು ಸುಪ್ರೀಂ ಕೋರ್ಟ್ ಅಮ್ಮನಿಗೆ ಒಪ್ಪಿಸಿತು. ಅಮ್ಮನ ಜೊತೆ ಇದ್ದು ನೋಡುವ ಅವಕಾಶವೇ ಆ ಮಗುವಿಗೆ ಸಿಕ್ಕಿರಲಿಲ್ಲ ಅನ್ನುವುದನ್ನು ಕೋರ್ಟ್ ಲೆಕ್ಕಕ್ಕೆ ತಗೊಂಡಿತು. ದಯವಿಟ್ಟು ಮಗನಿಗೆ ಏನನ್ನೂ ಹೇಳಿಕೊಡಬೇಡಿ. ಹೇಳಿಕೊಟ್ಟ ಮಾತು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಜಯನಗರದ ಅಪ್ಪ:

ಕರಿಕೋಟು ಸರ್ ಹೇಳಿದ್ದು ಸರಿ. ನಾನು ಇನ್ನೊಂದು ಕಡೆಯವನು, ಅಂದರೆ ಜಾಯಿಂಟ್ ಕಸ್ಟಡಿ ಕೇಳಿದ ಅಪ್ಪ. ಮೇಡಂ, ನಿಮ್ಮ ಗಂಡ ಕೇಳಿರುವುದು ನಿಮ್ಮ ಮೇಲಿನ ಹಟಕ್ಕೇ ಅಂತ ಅಂದುಕೊಳ್ಳಬೇಡಿ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ.

ನನಗೂ ಮೊದಲು ಸಿಕ್ಕಿದ್ದು ವಿಸಿಟೇಶನ್. ತಿಂಗಳಿಗೆ ಎರಡು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ. ಗೋಡೆ ಮೇಲೆ ಚಿತ್ರ, ಮೂಲೆಯಲ್ಲಿ ಒಂದಷ್ಟು ಆಟಿಕೆ, ಸುತ್ತ ನನ್ನ ಹಾಗೇ ಕೂತ ಬೇರೆ ಅಪ್ಪಂದಿರು. ಮಗಳು ಹೋಂವರ್ಕ್ ಏನು ಮಾಡಿದಳು, ಯಾವ ಹಲ್ಲು ಬಿತ್ತು, ಯಾವುದೂ ನನಗೆ ಗೊತ್ತಾಗುತ್ತಿರಲಿಲ್ಲ. ಬಂದು ಹೋಗುವ ನೆಂಟನಾಗುವುದು ಅಂದರೆ ಏನು ಅಂತ ಅಲ್ಲಿ ಕೂತವರಿಗೇ ಗೊತ್ತು. ಆಮೇಲೆ ಮೀಡಿಯೇಶನ್‌ಗೆ ಕಳಿಸಿದರು. ಅಲ್ಲಿದ್ದ ಮೀಡಿಯೇಟರ್ ನಮ್ಮಿಬ್ಬರಿಗೂ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಸ್ಕೂಲ್ ಕ್ಯಾಲೆಂಡರ್ ತರಿಸಿ ಮುಂದಿಟ್ಟರು. ಅದರ ಮೇಲೆ ಕೂತು ವಾರ, ಹಬ್ಬ, ಪರೀಕ್ಷೆ, ರಜೆ ಎಲ್ಲ ಹಂಚಿದೆವು. ಯುಗಾದಿ ಅಮ್ಮನ ಮನೆಯಲ್ಲಿ, ಗೌರಿ ಗಣೇಶ ನಮ್ಮ ಮನೆಯಲ್ಲಿ, ಮುಂದಿನ ವರ್ಷ ಉಲ್ಟಾ. ಈಗ ಮಗಳು ಸೋಮವಾರದಿಂದ ಗುರುವಾರ ಅಲ್ಲಿ, ಉಳಿದದ್ದು ಇಲ್ಲಿ. ನಡೆಯುತ್ತಿದೆ.

ಯಾಕೆ ನಡೆಯುತ್ತಿದೆ ಅಂದರೆ ಎರಡೂ ಮನೆ ಸ್ಕೂಲಿಗೆ ಹತ್ತಿರ. ನಾನು ಮನೆ ಬದಲಾಯಿಸಿ ಹತ್ತಿರ ಬಂದೆ. ಎರಡೂ ಕಡೆ ಯೂನಿಫಾರ್ಮ್ ಇದೆ. ಅವಳ ಅಮ್ಮ ಮತ್ತು ನಾನು ಮಾತಾಡುವುದು ಮೆಸೇಜಿನಲ್ಲಿ ಮಾತ್ರ, ಅದೂ ಮಗಳ ವಿಷಯ ಮಾತ್ರ, ಆದರೆ ಉತ್ತರ ಅವತ್ತೇ ಬರುತ್ತದೆ. ಇಷ್ಟು ಇಲ್ಲದಿದ್ದರೆ ಜಾಯಿಂಟ್ ಕಸ್ಟಡಿ ಮಗುವಿಗೆ ಶಿಕ್ಷೆ ಆಗುತ್ತದೆ ಅಂತ ನಾನೂ ಒಪ್ಪುತ್ತೇನೆ.

ಹುಬ್ಬಳ್ಳಿ ಅಕ್ಕ:

ಅಪ್ಪಾವರ ಮಾತು ಓದಿ ಸಂತೋಷ ಆಯಿತು ರೀ, ಆದರೆ ಇಲ್ಲಿ ಓದುವ ಬೇರೆ ಹೆಣ್ಣುಮಕ್ಕಳ ಸಲುವಾಗಿ ಒಂದು ಮಾತು ಹೇಳಲೇಬೇಕು. ಪ್ರಶ್ನೆ ಕೇಳಿದ ತಂಗಿಯ ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ. ನನ್ನ ಮನೆಯಲ್ಲಿ ಇತ್ತು. ಮಕ್ಕಳ ಕಣ್ಣೆದುರಿಗೇ ಇತ್ತು. ನನಗೆ ಎಲ್ಲರೂ ಹೇಳಿದ್ದು ಒಂದೇ ಮಾತು, ಇಬ್ಬರೂ ಬೇಕಮ್ಮ ಮಕ್ಕಳಿಗೆ, ಹೊಂದಾಣಿಕೆ ಮಾಡಿಕೋ, ಜಾಯಿಂಟ್ ಅಂತ ಬರೆದುಬಿಡು. ಜಾಯಿಂಟ್ ಅಂದರೆ ವಾರಕ್ಕೊಮ್ಮೆ ಅದೇ ಮನುಷ್ಯನ ಮುಂದೆ ನಿಂತು ಮಕ್ಕಳನ್ನು ಕೊಡಬೇಕು, ತಗೋಬೇಕು, ಸ್ಕೂಲ್ ಫೀಸಿಗೂ ಸಹಿ ಕೇಳಬೇಕು. ಹೊಡೆಯುವವನಿಗೆ ಅದು ಇನ್ನೊಂದು ಹಗ್ಗ ಸಿಕ್ಕ ಹಾಗೆ.

ನಮ್ಮಂಥವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರ ಸೆಕ್ಷನ್ 21ರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟೇ ಮಕ್ಕಳ ತಾತ್ಕಾಲಿಕ ಕಸ್ಟಡಿ ಕೊಡಬಹುದು, ಅಪ್ಪ ಬಂದು ನೋಡುವುದರಿಂದ ಮಗುವಿಗೆ ಅಪಾಯ ಅನಿಸಿದರೆ ಅದನ್ನೂ ನಿಲ್ಲಿಸಬಹುದು. ಆಸ್ಪತ್ರೆ ಚೀಟಿ, ಪೊಲೀಸ್ ದೂರು, ನೆರೆಯವರ ಮಾತು ಎಲ್ಲ ಇಟ್ಟುಕೊಂಡಿದ್ದೆ. ಕಸ್ಟಡಿ ನನಗೊಬ್ಬಳಿಗೇ ಆಯಿತು. ಅವರಿಗೆ ಬೇರೆಯವರ ಎದುರಿಗೆ ಮಾತ್ರ ಭೇಟಿ. ವಕೀಲರಿಗೆ ಕೊಡಲು ದುಡ್ಡು ಇರಲಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಕೊಟ್ಟರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ. ಫೋನ್ 15100. ಯಾರಿಗಾದರೂ ಬೇಕಾದೀತು ಅಂತ ಹಾಕಿದ್ದೇನೆ.

ಅದಕ್ಕೇ ಹೇಳುತ್ತೇನೆ, ಜಾಯಿಂಟ್ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಬೇಡಿ. ಎದುರಿಗಿರುವ ಮನುಷ್ಯ ಎಂಥವನು ಅಂತ ನೋಡಿ.

ಜಯನಗರದ ಅಪ್ಪ:

ಅಕ್ಕ, ನಿಮ್ಮ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ಅಂಥ ಕಡೆ ಜಾಯಿಂಟ್ ಅನ್ನುವ ಮಾತೇ ಬರಬಾರದು.

ಆದರೆ ಇನ್ನೊಂದು ಕಡೆಯೂ ಇದೆ. ಏನೂ ನಡೆಯದೇ ಇದ್ದರೂ ಕಸ್ಟಡಿ ಗಟ್ಟಿ ಆಗಲಿ ಅಂತ ಸುಳ್ಳು ಆರೋಪ ಬರೆಸುವವರನ್ನೂ ನೋಡಿದ್ದೇನೆ, ಗಂಡಸರೂ ಹೆಂಗಸರೂ. ಪಾಟಿ ಸವಾಲಿನಲ್ಲಿ ಅದು ಬಿದ್ದುಹೋದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ನಿಜವಾಗಿ ಏಟು ತಿಂದವರ ಮಾತಿನ ತೂಕವನ್ನೂ ಅದು ಇಳಿಸುತ್ತದೆ.

ಕುವೆಂಪುನಗರದವಳು:

ಎಲ್ಲರಿಗೂ ತುಂಬಾ ಧನ್ಯವಾದ. ಹುಬ್ಬಳ್ಳಿ ಅಕ್ಕ, ನಿಮ್ಮದನ್ನು ಓದಿ ಕಣ್ಣು ತುಂಬಿತು.

ನನ್ನ ವಕೀಲರು ಆಕ್ಷೇಪಣೆ ರೆಡಿ ಮಾಡುತ್ತಿದ್ದಾರೆ. ಅದರಲ್ಲಿ ಗಂಡ ಬೇಜವಾಬ್ದಾರಿ, ಮಗನ ಕಡೆ ಗಮನವೇ ಇರಲಿಲ್ಲ ಅಂತ ಬರೆಯೋಣ ಅಂದರು. ಅದು ನಿಜ ಅಲ್ಲ. ಬೇಡ ಅಂತ ಹೇಳಿದರೆ ಕೇಸು ಸಡಿಲ ಆಗುತ್ತದಾ? ಮಗ ಅಪ್ಪನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾನೆ, ಆದರೆ ಅಲ್ಲಿಗೆ ಕಳಿಸಿದ್ದು ದಸರಾ ರಜೆಯಲ್ಲಿ ಒಂದು ಸಲ ಮಾತ್ರ. ಕಳಿಸಿದರೆ ವಾಪಸ್ ಕಳಿಸುತ್ತಾರೋ ಇಲ್ಲವೋ ಅಂತ ಭಯ.

ಇನ್ನೆರಡು ಪ್ರಶ್ನೆ. ಮಗ ಮೈಸೂರಿನಲ್ಲಿರುವಾಗ ಅವರು ಬೆಂಗಳೂರಿನಲ್ಲಿ ಕೇಸು ಹಾಕಬಹುದಾ? ಮತ್ತೆ ಈ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಅನ್ನುವುದನ್ನು ಕೋರ್ಟ್ ಒಪ್ಪುತ್ತದಾ?

ಫ್ರೀಮಾಂಟ್ ಕನ್ನಡಿಗ:

ನಾನು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಕಾನೂನು ನಿಮಗೆ ಅನ್ವಯ ಆಗುವುದಿಲ್ಲ, ಆದರೂ ಇಲ್ಲಿ ಕಸ್ಟಡಿಯನ್ನು ಎರಡು ಭಾಗ ಮಾಡಿ ನೋಡುತ್ತಾರೆ, ಅದು ನಿಮಗೆ ಯೋಚಿಸಲು ಸಹಾಯ ಆಗಬಹುದು ಅಂತ ಹೇಳುತ್ತಿದ್ದೇನೆ. ಮಗು ಯಾರ ಮನೆಯಲ್ಲಿ ಇರುತ್ತದೆ ಅನ್ನುವುದು ಫಿಸಿಕಲ್ ಕಸ್ಟಡಿ. ಯಾವ ಸ್ಕೂಲು, ಯಾವ ಡಾಕ್ಟರು, ಆಪರೇಶನ್ ಬೇಕಾ ಬೇಡವಾ, ಇಂಥ ದೊಡ್ಡ ತೀರ್ಮಾನ ಯಾರು ತಗೊಳ್ಳುತ್ತಾರೆ ಅನ್ನುವುದು ಲೀಗಲ್ ಕಸ್ಟಡಿ. ಮಗು ಒಬ್ಬರ ಮನೆಯಲ್ಲೇ ಜಾಸ್ತಿ ಇದ್ದು, ತೀರ್ಮಾನ ಮಾತ್ರ ಇಬ್ಬರದ್ದೂ ಆಗಿರುವುದು ಇಲ್ಲಿ ಬಹಳ ಸಾಮಾನ್ಯ. ನನ್ನ ಮಕ್ಕಳ ವಿಷಯದಲ್ಲಿ ಆಗಿದ್ದೂ ಹಾಗೆಯೇ.

ಜಾಯಿಂಟ್ ಮೇಲು, ಒಬ್ಬರಿಗೇ ಕೊಡುವುದು ಕೀಳು ಅಂತ ಇಲ್ಲಿನ ಕಾನೂನೂ ಹೇಳುವುದಿಲ್ಲ. ತಂದೆ ತಾಯಿ ಇಬ್ಬರೂ ಒಪ್ಪಿ ಬಂದರೆ ಮಾತ್ರ ಜಾಯಿಂಟ್ ಮಗುವಿಗೆ ಒಳ್ಳೆಯದು ಅನ್ನುವ ಊಹೆಯಿಂದ ಶುರು ಮಾಡುತ್ತಾರೆ. ಒಪ್ಪದೆ ಇದ್ದರೆ ಜಡ್ಜ್ ಮುಂದೆ ಹೋಗುವ ಮೊದಲು ಮೀಡಿಯೇಶನ್‌ಗೆ ಹೋಗಲೇಬೇಕು. ಹುಬ್ಬಳ್ಳಿ ಅಕ್ಕ ಹೇಳಿದ ಥರದ ಕೇಸಿನಲ್ಲಿ ಲೆಕ್ಕ ಉಲ್ಟಾ. ಹಿಂದಿನ ಐದು ವರ್ಷದಲ್ಲಿ ಕೌಟುಂಬಿಕ ಹಿಂಸೆ ಮಾಡಿದ್ದಾರೆ ಅಂತ ಕೋರ್ಟಿಗೆ ಅನಿಸಿದರೆ, ಅವರಿಗೆ ಪೂರ್ತಿ ಕಸ್ಟಡಿಯಾಗಲಿ ಜಾಯಿಂಟ್ ಆಗಲಿ ಕೊಡುವುದು ಮಗುವಿಗೆ ಒಳ್ಳೆಯದಲ್ಲ ಅಂತಲೇ ಹಿಡಿಯುತ್ತಾರೆ, ಅಲ್ಲ ಅಂತ ತೋರಿಸುವ ಹೊಣೆ ಅವರದ್ದೇ.

ಇನ್ನೊಂದು. ಇಲ್ಲಿ ಕೇಸು ನಡೆಯುವಾಗ ಮಗುವನ್ನು ಕರೆದುಕೊಂಡು ಊರಿಗೆ ಹೋಗಿಬಿಡುವ ನಮ್ಮವರನ್ನು ನೋಡಿದ್ದೇನೆ. ಮಕ್ಕಳನ್ನು ದೇಶ ದಾಟಿಸುವ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಮಗುವನ್ನು ವಾಪಸ್ ಕರೆಸುವ ಜಗಳ ಎರಡು ದೇಶದ ಕೋರ್ಟಿನಲ್ಲಿ ನಡೆಯುತ್ತದೆ, ಆ ಹೊತ್ತಿಗೆ ಮಗು ಬೆಳೆದೇಬಿಡುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮಲೆನಾಡ ಹುಡುಗಿ:

ನಾನು ಆ ಮಗುವಿನ ಜಾಗದಲ್ಲಿದ್ದವಳು. ಒಂಬತ್ತು ವರ್ಷ ಇರಬೇಕು ಆಗ. ಜಡ್ಜ್ ಮೇಡಂ ಚೇಂಬರಿಗೆ ಕರೆದು ಬಿಸ್ಕತ್ತು ಕೊಟ್ಟು, ನಿನ್ನ ಬೆಸ್ಟ್ ಫ್ರೆಂಡ್ ಯಾರು, ಸಂಜೆ ಯಾರ ಜೊತೆ ಆಡುತ್ತೀಯ, ರಾತ್ರಿ ಭಯ ಆದರೆ ಯಾರನ್ನು ಕೂಗುತ್ತೀಯ ಅಂತ ಕೇಳಿದರು. ಯಾರ ಹತ್ತಿರ ಇರುತ್ತೀಯ ಅಂತ ಒಂದು ಸಲವೂ ನೇರವಾಗಿ ಕೇಳಲಿಲ್ಲ. ನನಗೆ ಆಗ ಭಯ ಇದ್ದದ್ದು ಜಡ್ಜ್ ಬಗ್ಗೆ ಅಲ್ಲ. ಹೊರಗೆ ಬಂದ ಮೇಲೆ ಅಪ್ಪ ಏನು ಕೇಳುತ್ತಾರೆ, ಅಮ್ಮ ಏನು ಕೇಳುತ್ತಾರೆ ಅಂತ. ಇಬ್ಬರೂ ಕೇಳಿದರು.

ಅಕ್ಕ, ನಿಮ್ಮ ಮಗ ಹೊರಗೆ ಬಂದಾಗ ಒಳಗೆ ಏನು ಹೇಳಿದೆ ಅಂತ ಕೇಳಬೇಡಿ. ಅವರಪ್ಪನಿಗೂ ಇದನ್ನು ಹೇಳಿ. ಊಟಕ್ಕೆ ಕರೆದುಕೊಂಡು ಹೋಗಿ, ಅಷ್ಟೇ. ಅವನು ಅಜ್ಜಿಯನ್ನು ಇಷ್ಟಪಡುತ್ತಾನೆ ಅಂತ ನೀವು ಹೆದರಬೇಕಾಗಿಲ್ಲ. ನನಗೂ ಎರಡೂ ಕಡೆಯ ಅಜ್ಜಿಯರು ಬೇಕಿತ್ತು. ಒಬ್ಬರನ್ನು ಇಷ್ಟಪಟ್ಟರೆ ಇನ್ನೊಬ್ಬರಿಗೆ ಬೇಜಾರಾಗುತ್ತದೆ ಅಂತ ಮುಚ್ಚಿಡುವುದೇ ಕಷ್ಟ ಆಗಿತ್ತು.

ಕರಿಕೋಟು:

ಮಲೆನಾಡ ಹುಡುಗಿ, ನೀವು ಹೇಳಿದ್ದನ್ನು ನನ್ನ ಹತ್ತಿರ ಬರುವ ಪ್ರತಿ ತಂದೆ ತಾಯಿಗೂ ಹೇಳಬೇಕು ಅನಿಸಿತು.

ಮೇಡಂ, ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತದೋ ಆ ಊರಿನ ಕೋರ್ಟಿಗೇ 1890ರ ಕಾಯ್ದೆಯ ಅರ್ಜಿ ಹೋಗಬೇಕು, ಅದು ಸೆಕ್ಷನ್ 9. ಒಂದು ವರ್ಷದಿಂದ ಮಗ ಮೈಸೂರಿನ ಸ್ಕೂಲಿನಲ್ಲಿ ಓದುತ್ತಿದ್ದಾನೆ ಅನ್ನುವುದು ನಿಮಗೆ ಅನುಕೂಲ. ಅವರು, ಮನೆ ಇದ್ದದ್ದು ಬೆಂಗಳೂರು, ನನಗೆ ಹೇಳದೆ ಕರೆದುಕೊಂಡು ಹೋದಳು ಅನ್ನುತ್ತಾರೆ. ಮಗು ನಿಜವಾಗಿ ಎಲ್ಲಿ ನೆಲೆ ನಿಂತಿದೆ ಅನ್ನುವುದನ್ನು ಕೋರ್ಟ್ ಆ ಕೇಸಿನ ಸಂಗತಿ ನೋಡಿಯೇ ಹೇಳಬೇಕು. ಈ ತಕರಾರನ್ನು ಮೊದಲ ಆಕ್ಷೇಪಣೆಯಲ್ಲೇ ಎತ್ತಿ. ಬೇಕಾದರೆ ಕೇಸನ್ನು ಮೈಸೂರಿಗೆ ವರ್ಗಾಯಿಸಿ ಅಂತ ಹೈಕೋರ್ಟಿಗೂ ಅರ್ಜಿ ಹಾಕಬಹುದು.

ವಾರಕ್ಕೊಂದು ಊರು ಅನ್ನುವುದು. ಮೈಸೂರು ಬೆಂಗಳೂರು ಮಧ್ಯೆ ಒಂದೂವರೆ ನೂರು ಕಿಲೋಮೀಟರ್ ಹತ್ತಿರ ಇದೆ. ಎರಡನೇ ಕ್ಲಾಸಿನ ಹುಡುಗ ಎರಡು ಸ್ಕೂಲಿಗೆ ಹೋಗಲು ಆಗುತ್ತದಾ? ಇಲ್ಲ ಅಲ್ವಾ. ಹಾಗಾಗಿ ಅವರು ಕೇಳಿದ ರೂಪದಲ್ಲಿ ಅದು ಸಿಗುವುದು ಬಹಳ ಕಷ್ಟ. ಆದರೆ ಜಾಯಿಂಟ್ ಅಂದರೆ ಸಮ ಸಮ ಅಂತಲೇ ಅಲ್ಲ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಒಂದು ಕೇಸಿನಲ್ಲಿ ಸುಮಾರು 12 ವರ್ಷದ ಹುಡುಗನನ್ನು ಜನವರಿಯಿಂದ ಜೂನ್ ಕೊನೆಯವರೆಗೆ ಅಪ್ಪನ ಹತ್ತಿರ, ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ ಅಮ್ಮನ ಹತ್ತಿರ ಅಂತ ಹಂಚಿತು. ಒಬ್ಬರ ಹತ್ತಿರ ಇರುವಾಗ ಇನ್ನೊಬ್ಬರಿಗೆ ಶನಿವಾರ ಭಾನುವಾರದ ಭೇಟಿ, ಓದಿನ ಖರ್ಚು ಅರ್ಧರ್ಧ. ಜಾಯಿಂಟ್ ಕಸ್ಟಡಿ ಕೇಳುವವರೆಲ್ಲ ಇದನ್ನು ತೋರಿಸುತ್ತಾರೆ, ನಿಮ್ಮ ಗಂಡನ ವಕೀಲರೂ ತೋರಿಸಬಹುದು. ಅದೇ ಅಳತೆ ಎಲ್ಲ ಮಗುವಿಗೂ ಹೊಂದುವುದಿಲ್ಲ. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಾಯಿಂಟ್ ಕಸ್ಟಡಿಯನ್ನು ಕಾಯ್ದೆಯಲ್ಲೇ ಬರೆಯಿರಿ ಅಂತ ಶಿಫಾರಸು ಮಾಡಿತು. ಅದು ಇನ್ನೂ ಕಾಯ್ದೆ ಆಗಿಲ್ಲ. ಅಲ್ಲಿಯವರೆಗೆ ಎಲ್ಲ ಜಡ್ಜ್ ವಿವೇಚನೆ ಮತ್ತು ನಿಮ್ಮಿಬ್ಬರ ಒಪ್ಪಂದದ ಮೇಲೆ.

ನಿಮ್ಮ ವಕೀಲರಿಗೆ ಸುಳ್ಳು ಬರೆಯಬೇಡಿ ಅಂತ ಖಂಡಿತ ಹೇಳಿ. ಕೇಸು ಸಡಿಲ ಆಗುವುದಿಲ್ಲ, ಗಟ್ಟಿ ಆಗುತ್ತದೆ. ಅವರು ಒಳ್ಳೆಯ ಅಪ್ಪ, ಆದರೆ ಮಗನ ಸ್ಕೂಲು, ದಿನಚರಿ ಮೈಸೂರಿನಲ್ಲಿದೆ, ಹಾಗಾಗಿ ವಾಸ ನನ್ನ ಜೊತೆ ಇರಲಿ, ಅಪ್ಪನಿಗೆ ಸಾಕಷ್ಟು ಸಮಯ ನಾನೇ ಕೊಡುತ್ತೇನೆ ಅಂತ ಬರೆಯುವ ತಾಯಿಯನ್ನು ಕೋರ್ಟ್ ಬೇರೆ ಕಣ್ಣಿನಲ್ಲಿ ನೋಡುತ್ತದೆ. ಜೊತೆಗೆ ಒಂದು ಯೋಜನೆ ಬರೆದು ಕೊಡಿ. ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ಅಪ್ಪನ ಮನೆ, ದಸರಾ ರಜೆ ಅರ್ಧ, ಏಪ್ರಿಲ್ ಮೇ ರಜೆ ಅರ್ಧ, ದಿನಾ ಸಂಜೆ ಒಂದು ಫೋನ್ ಕರೆ. ಕಸ್ಟಡಿ ಸಿಗದವರಿಗೆ ಮಗುವಿನ ಜೊತೆ ದಿನಾ ಐದು ಹತ್ತು ನಿಮಿಷ ಮಾತಾಡುವ ಅವಕಾಶ ಇರಬೇಕು ಅಂತ 2020ರ ಯಶಿತಾ ಸಾಹು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಕೂಲಿನ ರಿಪೋರ್ಟ್ ಕಾರ್ಡು ಇಬ್ಬರಿಗೂ ಹೋಗಲಿ, ದೊಡ್ಡ ಚಿಕಿತ್ಸೆ, ಸ್ಕೂಲ್ ಬದಲಾವಣೆ, ಪಾಸ್‌ಪೋರ್ಟು ಇಬ್ಬರ ಒಪ್ಪಿಗೆಯಿಂದಲೇ ಆಗಲಿ ಅಂತ ಸೇರಿಸಿ. ಫ್ರೀಮಾಂಟಿನವರು ಹೇಳಿದ ಎರಡು ಭಾಗ ನಮ್ಮಲ್ಲಿ ಕಾಯ್ದೆಯಲ್ಲಿ ಇಲ್ಲದಿದ್ದರೂ ಒಪ್ಪಂದದಲ್ಲಿ ಬರೆಯಲು ಅಡ್ಡಿ ಇಲ್ಲ.

ವಾಪಸ್ ಕಳಿಸದೆ ಇದ್ದರೆ ಅನ್ನುವ ಭಯಕ್ಕೆ: ಬಾಯಿಮಾತಿನಲ್ಲಿ ಕಳಿಸುವ ಬದಲು ಕೋರ್ಟಿನಲ್ಲಿ ಮಧ್ಯಂತರ ಆರ್ಡರ್ ಮಾಡಿಸಿಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಒಪ್ಪಿಸಬೇಕು ಅಂತ ಅದರಲ್ಲಿ ಬರೆಸಿ. ಆರ್ಡರ್ ಮೀರಿ ಮಗುವನ್ನು ಇಟ್ಟುಕೊಂಡರೆ ಅದು ಅವರ ಕೇಸಿಗೇ ಪೆಟ್ಟು.

ಕುವೆಂಪುನಗರದವಳು:

ಸರ್, ಒಂದೇ ಒಂದು ಕೊನೆಯ ಪ್ರಶ್ನೆ. ಈಗ ಏನೋ ಒಂದು ಒಪ್ಪಿಕೊಂಡೆ ಅಂತಿಟ್ಟುಕೊಳ್ಳಿ, ಮುಂದೆ ಮಗ ದೊಡ್ಡವನಾದ ಮೇಲೆ ಅದು ಹೊಂದದೆ ಹೋದರೆ? ಒಂದು ಸಲ ಸಹಿ ಹಾಕಿದರೆ 18 ವರ್ಷದವರೆಗೂ ಅದೇನಾ?

ಕರಿಕೋಟು:

ಇಲ್ಲ ಮೇಡಂ. ಕಸ್ಟಡಿ ಆರ್ಡರ್ ಯಾವತ್ತೂ ಕಲ್ಲಿನಲ್ಲಿ ಕೊರೆದದ್ದಲ್ಲ. ಇಬ್ಬರೂ ಒಪ್ಪಿ ಬರೆದ ಒಪ್ಪಂದವನ್ನೂ, ಮಗುವಿನ ಹಿತಕ್ಕೆ ಬೇಕು ಅಂತ ತೋರಿಸಿದರೆ, ಬದಲಾಯಿಸಬಹುದು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. ನೀವು ಊರು ಬದಲಾಯಿಸಿದರೆ, ಅವರು ಮೈಸೂರಿಗೆ ಬಂದರೆ, ಹೈಸ್ಕೂಲಿಗೆ ಹೋಗುವಾಗ ಮಗನಿಗೇ ಬೇರೆ ಥರ ಬೇಕು ಅನಿಸಿದರೆ, ಮತ್ತೆ ಅರ್ಜಿ ಹಾಕಬಹುದು. ಕೊನೆಯ ತೀರ್ಪು ನಿಮಗೆ ವಿರುದ್ಧ ಬಂದರೆ ಹೈಕೋರ್ಟಿಗೆ ಅಪೀಲು 30 ದಿನದೊಳಗೆ. ಅದೊಂದು ದಿನಾಂಕ ಮಾತ್ರ ತಪ್ಪಿಸಬೇಡಿ.

ಮುಂದಿನ ಡೇಟಿಗೆ ಹೋಗುವಾಗ ಶಾಲೆಯ ಹಾಜರಾತಿ ಪತ್ರ, ಲಸಿಕೆ ಕಾರ್ಡು, ಫೀಸ್ ರಸೀದಿ, ಅಪ್ಪ ಮಗ ಮಾತಾಡಿದ ವಿಡಿಯೋ ಕಾಲ್‌ಗಳ ದಾಖಲೆ ತಗೊಂಡು ಹೋಗಿ. ಫ್ಯಾಮಿಲಿ ಕೋರ್ಟಿನಲ್ಲಿ ದಾಖಲೆ ವಿಷಯದಲ್ಲಿ ಬೇರೆ ಕೋರ್ಟಿನಷ್ಟು ಬಿಗಿ ಇಲ್ಲ, ವಿಷಯ ತಿಳಿಯಲು ಉಪಯೋಗ ಆಗುವುದನ್ನೆಲ್ಲ ನೋಡಬಹುದು ಅಂತ ಅದರ ಕಾಯ್ದೆಯ ಸೆಕ್ಷನ್ 14ರಲ್ಲೇ ಇದೆ. ಮೀಡಿಯೇಶನ್‌ಗೆ ಕಳಿಸುತ್ತೇನೆ ಅಂದರೆ ಬೇಡ ಅನ್ನಬೇಡಿ.

ಕುವೆಂಪುನಗರದವಳು:

ಆಯಿತು ಸರ್. ಬೇಜವಾಬ್ದಾರಿ ಅನ್ನುವ ಪ್ಯಾರಾ ತೆಗೆಯಲು ಇವತ್ತೇ ನಮ್ಮ ವಕೀಲರಿಗೆ ಫೋನ್ ಮಾಡುತ್ತೇನೆ. ಸ್ಕೂಲ್ ಕ್ಯಾಲೆಂಡರ್ ಕೂಡ ಪ್ರಿಂಟ್ ತೆಗೆಸುತ್ತೇನೆ. ಮೀಡಿಯೇಶನ್ ಆದ ಮೇಲೆ ಏನಾಯಿತು ಅಂತ ಇಲ್ಲೇ ಬಂದು ಹೇಳುತ್ತೇನೆ.